ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರದ ಕೆಂಪು ಲೈಟ್: ‘ಸೆನ್ಸರ್ ಕೆಟ್ಟಿದೆ ಅಷ್ಟೇ’ ಎನ್ನುವುದು ನಿಜವೇ?

ಬ್ರಿಟನ್‌ನಲ್ಲಿ ಕೆಲಸ ಮಾಡುವ ನಮ್ಮ ಪರಿಚಿತರೊಬ್ಬರು ಹಳೆಯ ಮಾಜ್ದಾ ಎಂಎಕ್ಸ್-5 ಕೊಂಡರು. ಎರಡೇ ಸೀಟು, ಮೇಲಿನ ಹೊದಿಕೆಯನ್ನು ಮಡಚಿ ಹಿಂದಕ್ಕೆ ಹಾಕಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರ್. ಮನೆಗೆ ತರುವ ದಾರಿಯಲ್ಲೇ ಡ್ಯಾಶ್‌ಬೋರ್ಡ್‌ನಲ್ಲಿ ಬ್ರೇಕಿನ ಕೆಂಪು ಲೈಟ್ ಹೊತ್ತಿಕೊಂಡಿತು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ದರೂ ಆರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, “ಹಳೆ ಕಾರಲ್ಲವೇ, ಸೆನ್ಸರ್ ಕೆಟ್ಟಿರುತ್ತದೆ. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆಯಲ್ಲ, ಸ್ವಲ್ಪ ಬ್ರೇಕ್ ಆಯಿಲ್ ಹಾಕಿ ಸಾಕು” ಎಂಬ ಉತ್ತರ ಬಂತು. ಆಯಿಲ್ ಹಾಕಿದರು, ಲೈಟ್ ಆರಿತು. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಹೊತ್ತಿತು.

ಇದೇ ಮಾತನ್ನು ನಮ್ಮೂರಿನ ಗ್ಯಾರೇಜ್‌ಗಳಲ್ಲೂ ನಾವು ಕೇಳಿದ್ದೇವೆ. ಹಾಗಾಗಿ ಈ ಹೇಳಿಕೆಯನ್ನು ಬಿಡಿಸಿ ನೋಡೋಣ. ಆ ಕೆಂಪು ಲೈಟ್ ಏನನ್ನು ನೋಡಿ ಹೊತ್ತಿಕೊಳ್ಳುತ್ತದೆ? ಬ್ರೇಕ್ ಹಿಡಿಯುತ್ತಿದ್ದರೆ ಅದನ್ನು ಕಡೆಗಣಿಸಬಹುದೇ? ಆಯಿಲ್ ಹಾಕಿದರೆ ತೊಂದರೆ ಮುಗಿಯಿತೇ?

ಮೊದಲು, ಇದು ಯಾವ ಲೈಟ್?

ಬ್ರೇಕಿಗೆ ಸಂಬಂಧಿಸಿದ ಲೈಟ್ ಒಂದೇ ಅಲ್ಲ. ವಾಹನಗಳ ಡ್ಯಾಶ್‌ಬೋರ್ಡ್ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆದ್ದರಿಂದ ಜಪಾನಿನ ಕಾರಾಗಲಿ, ಜರ್ಮನಿಯ ಕಾರಾಗಲಿ, ನಮ್ಮ ಮನೆಯ ಚಿಕ್ಕ ಕಾರಾಗಲಿ, ಚಿಹ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ.

- ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡೂ ಬದಿಗೆ ಕಮಾನು, ಬಣ್ಣ ಕೆಂಪು: ಬ್ರೇಕ್ ವ್ಯವಸ್ಥೆಯ ಮುಖ್ಯ ಎಚ್ಚರಿಕೆ. ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿರುವುದನ್ನು ತೋರಿಸುವುದೂ ಇದೇ ಲೈಟ್.
- ವೃತ್ತದೊಳಗೆ ‘ಪಿ’ ಅಕ್ಷರ: ಪಾರ್ಕಿಂಗ್ ಬ್ರೇಕ್.
- ವೃತ್ತದ ಎರಡೂ ಬದಿಗೆ ಚುಕ್ಕೆಗೆರೆಯ ಕಮಾನು, ಸಾಮಾನ್ಯವಾಗಿ ಹಳದಿ: ಬ್ರೇಕ್ ಪ್ಯಾಡ್ ಸವೆದಿದೆ.
- ‘ಎಬಿಎಸ್’ ಎಂಬ ಅಕ್ಷರಗಳು, ಹಳದಿ: ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯಲ್ಲಿ ದೋಷ.

ಕೀಲಿ ತಿರುಗಿಸಿದಾಗ ಇವೆಲ್ಲ ಒಮ್ಮೆ ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಬಲ್ಬ್ ಸರಿಯಾಗಿದೆ ಎಂದು ಕಾರು ತಾನೇ ತೋರಿಸಿಕೊಳ್ಳುವ ಕ್ರಮ ಇದು. ಆರದೆ ಉಳಿದರೆ ಮಾತ್ರ ಎಚ್ಚರಿಕೆ.

ಆ ಲೈಟಿನ ಹಿಂದೆ ಇರುವುದು ಎರಡು ಸರಳ ಸ್ವಿಚ್

ಎಂಎಕ್ಸ್-5 ಮಾರುಕಟ್ಟೆಗೆ ಬಂದದ್ದು 1989ರಲ್ಲಿ. 2016ರಲ್ಲಿ ಅದರ ಒಟ್ಟು ಉತ್ಪಾದನೆ ಹತ್ತು ಲಕ್ಷ ದಾಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಎಂಬ ಗಿನ್ನೆಸ್ ದಾಖಲೆಯೂ ಇದರದೇ. ಇದರ ಹಳೆಯ ಮಾದರಿಗಳಲ್ಲಿ ಬ್ರೇಕ್ ಎಚ್ಚರಿಕೆಯ ವೈರಿಂಗ್ ತುಂಬಾ ಸರಳ. ಅದಕ್ಕೇ ಅದನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ.

ಒಂದನೆಯ ಸ್ವಿಚ್ ಹ್ಯಾಂಡ್‌ಬ್ರೇಕ್ ಲಿವರ್‌ನ ಬುಡದಲ್ಲಿದೆ. ಲಿವರ್ ಪೂರ್ತಿ ಕೆಳಗಿದ್ದಾಗ ಅದು ಸ್ವಿಚ್ಚಿನ ಗುಂಡಿಯನ್ನು ಒತ್ತಿಹಿಡಿಯುತ್ತದೆ. ಲಿವರ್ ಎತ್ತಿದಾಗ ಗುಂಡಿ ಹೊರಬಂದು ಸರ್ಕ್ಯೂಟ್ ಕೂಡಿಕೊಳ್ಳುತ್ತದೆ, ಲೈಟ್ ಹೊತ್ತುತ್ತದೆ. ಎರಡನೆಯ ಸ್ವಿಚ್ ಬಾನೆಟ್ ಒಳಗೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿದೆ. ಆಯಿಲಿನ ಮೇಲೆ ತೇಲುವ ಒಂದು ಬಿಲ್ಲೆ, ಅದರಲ್ಲೊಂದು ಆಯಸ್ಕಾಂತ. ಆಯಿಲ್ ಇಳಿದಂತೆ ಬಿಲ್ಲೆಯೂ ಇಳಿಯುತ್ತದೆ. ಕೆಳಗಿನ ಮಟ್ಟ ಮುಟ್ಟಿದಾಗ ಆಯಸ್ಕಾಂತದ ಸೆಳೆತಕ್ಕೆ ಒಳಗಿನ ಪುಟ್ಟ ಸ್ವಿಚ್ ಕೂಡಿಕೊಳ್ಳುತ್ತದೆ.

ಈ ಎರಡರಲ್ಲಿ ಯಾವುದೇ ಒಂದು ಕೂಡಿಕೊಂಡರೂ ಅದೇ ಕೆಂಪು ಲೈಟ್ ಹೊತ್ತುತ್ತದೆ. ಮನೆಗೆ ಮುಂಬಾಗಿಲಲ್ಲೊಂದು, ಹಿತ್ತಲಲ್ಲೊಂದು ಕರೆಗಂಟೆಯ ಗುಂಡಿ ಇದ್ದು ಒಳಗೆ ಒಂದೇ ಗಂಟೆ ಇದ್ದ ಹಾಗೆ. ಗಂಟೆ ಬಾರಿಸಿದ್ದು ಯಾರು ಎಂದು ಎದ್ದು ಹೋಗಿಯೇ ನೋಡಬೇಕು.

‘ಸೆನ್ಸರ್ ಕೆಟ್ಟರೆ ಲೈಟ್ ಬರುತ್ತದೆ’ ಎನ್ನುವುದು ಎಷ್ಟು ಸರಿ?

ಮೇಲಿನ ಸರ್ಕ್ಯೂಟನ್ನು ಇನ್ನೊಮ್ಮೆ ನೋಡಿ. ಸ್ವಿಚ್ ಕೂಡಿದರೆ ಲೈಟ್, ಬಿಟ್ಟರೆ ಇಲ್ಲ. ಅಂದರೆ ವೈರ್ ತುಂಡಾದರೆ, ಪ್ಲಗ್ ಕಳಚಿದರೆ, ಸ್ವಿಚ್ಚಿನ ತುದಿ ತುಕ್ಕು ಹಿಡಿದರೆ ಲೈಟ್ ಹೊತ್ತುವುದಿಲ್ಲ. ಆಯಿಲ್ ಖಾಲಿಯಾಗಿದ್ದರೂ ಸುಮ್ಮನಿರುತ್ತದೆ. ಈ ಬಗೆಯ ಕಾರಿನಲ್ಲಿ ಇಂಥ ಸಾಮಾನ್ಯ ‘ಸೆನ್ಸರ್ ದೋಷ’ಗಳ ಫಲ ಆರದ ಲೈಟ್ ಅಲ್ಲ, ಹೊತ್ತದ ಲೈಟ್.

ಸುಳ್ಳು ಎಚ್ಚರಿಕೆ ಬರಲು ಇರುವ ದಾರಿಗಳು ಕೆಲವೇ. ಹ್ಯಾಂಡ್‌ಬ್ರೇಕ್ ಸ್ವಿಚ್ ಜಾಗ ತಪ್ಪಿರಬಹುದು, ಅಥವಾ ಕೇಬಲ್ ಬಿಗಿಯಾಗಿ ಲಿವರ್ ಪೂರ್ತಿ ಕೆಳಗೆ ಕೂರದೆ ಇರಬಹುದು. ತೇಲುವ ಬಿಲ್ಲೆ ಹಳತಾಗಿ ಆಯಿಲ್ ಹೀರಿಕೊಂಡು ಮುಳುಗಿರಬಹುದು ಅಥವಾ ಕೆಸರಿಗೆ ಅಂಟಿಕೊಂಡಿರಬಹುದು. ವೈರಿನ ಹೊದಿಕೆ ಸವೆದು ಕಾರಿನ ಮೈಗೆ ತಾಗುತ್ತಿರಬಹುದು. ಇವೆಲ್ಲ ಆಗುವಂಥವೇ. ಆದರೆ ಒಂದೊಂದನ್ನೂ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬಹುದು, ಊಹಿಸಬೇಕಾಗಿಲ್ಲ.

ಪೋರ್ಷೆ ಬಾಕ್ಸ್‌ಟರ್, ಬಿಎಂಡಬ್ಲ್ಯು ಝಡ್4ನಂಥ ಕಾರುಗಳ ಪ್ಯಾಡ್ ಸವೆತದ ಎಚ್ಚರಿಕೆ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ಯಾಡಿನೊಳಗೆ ಒಂದು ವೈರಿನ ಕುಣಿಕೆ ಇರುತ್ತದೆ, ಅದರಲ್ಲಿ ಸದಾ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ಪ್ಯಾಡ್ ಸವೆದಾಗ ಡಿಸ್ಕ್ ಆ ವೈರನ್ನೂ ಉಜ್ಜಿ ತುಂಡು ಮಾಡುತ್ತದೆ, ಲೈಟ್ ಹೊತ್ತುತ್ತದೆ. ಇಲ್ಲಿ ಪ್ಲಗ್ ಸಡಿಲವಾದರೂ ಲೈಟ್ ಬರುತ್ತದೆ. ಹೊಸ ಪ್ಯಾಡ್ ಹಾಕಿ ಹಳೆಯ ತುಂಡಾದ ಸೆನ್ಸರನ್ನೇ ಬಿಟ್ಟರೂ ಲೈಟ್ ಆರುವುದಿಲ್ಲ. ‘ಪ್ಯಾಡ್ ಬದಲಿಸಿದರೂ ಲೈಟ್ ಹೋಗಿಲ್ಲ’ ಎಂಬ ದೂರಿಗೆ ಬಹುಸಾರಿ ಕಾರಣ ಇದೇ. ಬಿಎಂಡಬ್ಲ್ಯುವಿನ ಹಲವು ಮಾದರಿಗಳಲ್ಲಿ ಸೆನ್ಸರ್ ಬದಲಿಸಿದ ಮೇಲೆ ಸರ್ವಿಸ್ ಲೆಕ್ಕವನ್ನೂ ರೀಸೆಟ್ ಮಾಡಬೇಕಾಗುತ್ತದೆ. ಕೆಲವರು ಸೆನ್ಸರಿನ ಎರಡು ವೈರನ್ನು ಒಟ್ಟಿಗೆ ಸುತ್ತಿ ಲೈಟ್ ಆರಿಸುತ್ತಾರೆ. ಲೈಟೇನೋ ಆರುತ್ತದೆ, ಆದರೆ ಇನ್ನು ಮುಂದೆ ಪ್ಯಾಡ್ ಪೂರ್ತಿ ಸವೆದರೂ ಕಾರು ಬಾಯಿ ಬಿಡುವುದಿಲ್ಲ.

ಆಯಿಲ್ ಯಾಕೆ ಕಡಿಮೆಯಾಗುತ್ತದೆ?

ಪೆಟ್ರೋಲ್ ಹಾಗೆ ಬ್ರೇಕ್ ಆಯಿಲ್ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿದ್ದು, ಪೆಡಲ್ ಒತ್ತಿದಾಗ ಕಾಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುತ್ತದೆ, ಅಷ್ಟೇ. ಹಾಗಾದರೆ ಡಬ್ಬಿಯ ಮಟ್ಟ ಇಳಿಯುವುದು ಎರಡೇ ಕಾರಣಕ್ಕೆ: ಒಂದೋ ಅದು ವ್ಯವಸ್ಥೆಯ ಒಳಗೇ ಬೇರೆ ಕಡೆ ಹೋಗಿದೆ, ಇಲ್ಲವೇ ಹೊರಗೆ ಸೋರಿದೆ.

ಒಳಗೇ ಹೋಗುವುದು ಹೇಗೆ? ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ. ಅದರ ಹಿಂದೆ ಆದ ಖಾಲಿ ಜಾಗವನ್ನು ಆಯಿಲ್ ತುಂಬುತ್ತದೆ. ಲೆಕ್ಕ ಹಾಕಿ ನೋಡೋಣ. ಪಿಸ್ಟನ್ ವ್ಯಾಸ 5 ಸೆಂಟಿಮೀಟರ್ ಎಂದುಕೊಂಡರೆ ಅದರ ವಿಸ್ತೀರ್ಣ ಸುಮಾರು 19.6 ಚದರ ಸೆಂಟಿಮೀಟರ್. ಚಕ್ರದ ಎರಡು ಪ್ಯಾಡ್‌ಗಳು ತಲಾ 8 ಮಿಲಿಮೀಟರ್ ಸವೆದರೆ, ಒಂದೇ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಅದು 1.6 ಸೆಂಟಿಮೀಟರ್ ಮುಂದೆ ಬರಬೇಕು. ಅಂದರೆ ಚಕ್ರಕ್ಕೆ ಸುಮಾರು 31 ಮಿಲಿಲೀಟರ್, ಮುಂದಿನ ಎರಡು ಚಕ್ರ ಸೇರಿ 60 ಮಿಲಿಲೀಟರಿಗೂ ಹೆಚ್ಚು. ಚಿಕ್ಕ ಡಬ್ಬಿಯಲ್ಲಿ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯಲು ಇಷ್ಟು ಸಾಕು. ಒಂದು ಹನಿಯೂ ಸೋರದೆ ಲೈಟ್ ಹೊತ್ತಬಹುದು, ಅದರ ಅರ್ಥ ‘ಪ್ಯಾಡ್ ನೋಡಿ’ ಎಂದು.

ಇಂಥ ಹೊತ್ತಿನಲ್ಲಿ ಆಯಿಲ್ ತುಂಬಿಸಿ ಸುಮ್ಮನಾದರೆ ಎರಡು ತೊಂದರೆ. ಒಂದು, ಪ್ಯಾಡ್ ಮುಗಿದಿರುವ ಸುದ್ದಿಯನ್ನೇ ಅಳಿಸಿಹಾಕಿದಂತೆ. ಎರಡು, ಮುಂದೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಆ ಆಯಿಲ್ ವಾಪಸ್ ಬಂದು ಡಬ್ಬಿ ಉಕ್ಕುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಕಾರಿನ ಬಣ್ಣ ಎದ್ದುಬರುತ್ತದೆ.

ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿಯುತ್ತಿದ್ದರೆ ಉಳಿದದ್ದು ಒಂದೇ: ಸೋರಿಕೆ.

ಮೂಲ ಪತ್ತೆಹಚ್ಚುವ ಕ್ರಮ

ಕಾರು ಸಮತಟ್ಟಾದ ಜಾಗದಲ್ಲಿರಲಿ, ಚಕ್ರಗಳಿಗೆ ಕಲ್ಲು ಕೊಟ್ಟಿರಲಿ, ಎಂಜಿನ್ ತಣ್ಣಗಿರಲಿ.

1. ಡಬ್ಬಿಯ ಮಟ್ಟ ನೋಡಿ. ಅರೆಪಾರದರ್ಶಕ ಡಬ್ಬಿಯ ಮೇಲೆ ಗರಿಷ್ಠ, ಕನಿಷ್ಠ ಗೆರೆಗಳಿರುತ್ತವೆ. ಮಟ್ಟ ಕನಿಷ್ಠ ಗೆರೆಯ ಹತ್ತಿರವಿದ್ದರೆ ನಾಲ್ಕನೆಯ ಹಂತಕ್ಕೆ ಹೋಗಿ.

2. ಹ್ಯಾಂಡ್‌ಬ್ರೇಕ್ ಲಿವರ್ ಪರೀಕ್ಷಿಸಿ. ಕೀಲಿ ಆನ್ ಮಾಡಿ ಲಿವರನ್ನು ಕೈಯಿಂದ ಕೆಳಕ್ಕೆ ಒತ್ತಿ. ಒತ್ತಿದಾಗ ಆರಿ, ಬಿಟ್ಟಾಗ ಹೊತ್ತಿದರೆ ಸ್ವಿಚ್ ಅಥವಾ ಕೇಬಲ್ ಹೊಂದಾಣಿಕೆಯ ತೊಂದರೆ. ಸ್ವಿಚ್ ಬಗ್ಗಿಸುವ ಮೊದಲು ಹಿಂದಿನ ಚಕ್ರಗಳು ಸಲೀಸಾಗಿ ತಿರುಗುತ್ತವೆಯೇ ನೋಡಬೇಕು. ಎಂಎಕ್ಸ್-5ರಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಕ್ಯಾಲಿಪರನ್ನೇ ಎಳೆಯುತ್ತದೆ. ಕ್ಯಾಲಿಪರ್ ಹಿಡಿದುಕೊಂಡಿದ್ದರೆ ಬ್ರೇಕ್ ಸದಾ ಉಜ್ಜುತ್ತಾ ಬಿಸಿಯಾಗುತ್ತಿರುತ್ತದೆ.

3. ಪ್ಲಗ್ ಒಂದೊಂದಾಗಿ ತೆಗೆಯಿರಿ. ಆಯಿಲ್ ಮಟ್ಟ ಸರಿಯಾಗಿದ್ದರೂ ಲೈಟ್ ಆರದಿದ್ದರೆ ಡಬ್ಬಿಯ ಸೆನ್ಸರ್ ಪ್ಲಗ್ ತೆಗೆಯಿರಿ. ಲೈಟ್ ಆರಿತೆಂದರೆ ಬಿಲ್ಲೆ ಮುಳುಗಿದೆ ಅಥವಾ ಅಂಟಿದೆ. ಆರದಿದ್ದರೆ ಹ್ಯಾಂಡ್‌ಬ್ರೇಕ್ ಸ್ವಿಚ್ಚಿನ ವೈರ್ ತೆಗೆಯಿರಿ. ಎರಡೂ ತೆಗೆದ ಮೇಲೂ ಹೊತ್ತಿದ್ದರೆ ವೈರ್ ಎಲ್ಲೋ ಮೈಗೆ ತಾಗಿದೆ. ಈ ಪರೀಕ್ಷೆ ಎಂಎಕ್ಸ್-5ರಂಥ ಹಳೆಯ ಸರಳ ಸರ್ಕ್ಯೂಟಿಗೆ ಮಾತ್ರ. ಹೊಸ ಕಾರುಗಳಲ್ಲಿ ಪ್ಲಗ್ ತೆಗೆಯುವುದೇ ಹೊಸ ದೋಷವಾಗಿ ದಾಖಲಾಗಬಹುದು. ಪರೀಕ್ಷೆ ಮುಗಿದ ಕೂಡಲೇ ಪ್ಲಗ್ ಮತ್ತೆ ಹಾಕುವುದನ್ನು ಮರೆಯಬೇಡಿ.

4. ಪ್ಯಾಡ್ ದಪ್ಪ ಅಳೆಯಿರಿ. ನಾಲ್ಕೂ ಚಕ್ರಗಳಲ್ಲಿ, ಒಳಬದಿಯ ಪ್ಯಾಡನ್ನೂ ನೋಡಬೇಕು. ಹೊರಬದಿಯದು ದಪ್ಪಗಿದ್ದು ಒಳಬದಿಯದು ಮುಗಿದಿರುವುದು ಅಪರೂಪವಲ್ಲ. ಕಾರಿನಡಿ ಕೈ ಹಾಕುವಾಗ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಟ್ಟಿರಬೇಕು.

5. ಸೋರಿಕೆ ಹುಡುಕಿ. ಚಕ್ರದ ಒಳಮೈ, ಕ್ಯಾಲಿಪರ್, ರಬ್ಬರ್ ಹೋಸ್, ಕಾರಿನಡಿಯ ಸ್ಟೀಲ್ ಪೈಪ್, ಮಾಸ್ಟರ್ ಸಿಲಿಂಡರಿನ ಬುಡ, ಇವೆಲ್ಲ ಒದ್ದೆಯಾಗಿವೆಯೇ ನೋಡಿ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರಿದರೆ ಆಯಿಲ್ ಬೂಸ್ಟರಿನ ಒಳಗೇ ಇಳಿಯುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಬಾಕ್ಸ್‌ಟರಿನಂಥ ಕೆಲವು ಕಾರುಗಳಲ್ಲಿ ಕ್ಲಚ್ಚಿಗೂ ಆಯಿಲ್ ಇದೇ ಡಬ್ಬಿಯಿಂದ ಹೋಗುತ್ತದೆ. ಅಲ್ಲಿ ಕ್ಲಚ್ ಸೋರಿದರೂ ಬ್ರೇಕ್ ಲೈಟ್ ಬರುತ್ತದೆ.

6. ಪೆಡಲ್ ಒತ್ತಿಹಿಡಿಯಿರಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿದು, ಗಟ್ಟಿಯಾದ ಮೇಲೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ. ಎರಡೂ ಸ್ಥಿತಿಯಲ್ಲಿ ಆ ಕಾರನ್ನು ಓಡಿಸಬಾರದು.

ಲೈಟ್ ಯಾವಾಗ ಮಿನುಗುತ್ತದೆ ಎಂಬುದೂ ಒಳ್ಳೆಯ ಸುಳಿವು. ಜೋರಾಗಿ ತಿರುವು ತೆಗೆದುಕೊಂಡಾಗ ಅಥವಾ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಾತ್ರ ಹೊತ್ತಿ ಆರಿದರೆ, ಡಬ್ಬಿಯ ಆಯಿಲ್ ಒಂದು ಬದಿಗೆ ವಾಲಿ ಬಿಲ್ಲೆ ಇಳಿಯುತ್ತಿದೆ ಎಂದರ್ಥ. ಅಂದರೆ ಮಟ್ಟ ಅಂಚಿಗೆ ಬಂದಿದೆ. ಹಳೆಯ ಕೆಲವು ಸುಬಾರು ಕಾರುಗಳಲ್ಲಿ ಬ್ರೇಕ್ ಲೈಟ್ ಮತ್ತು ಬ್ಯಾಟರಿ ಲೈಟ್ ಒಟ್ಟಿಗೆ ಹೊತ್ತಿದರೆ ತೊಂದರೆ ಆಲ್ಟರ್ನೇಟರಿನದು, ಬ್ರೇಕಿನದಲ್ಲ.

ಬ್ರೇಕ್ ಹಿಡಿಯುತ್ತಿದೆಯಲ್ಲ, ಆಮೇಲೆ ನೋಡಿದರಾಯಿತು?

ಈ ಲೈಟ್ ಇರುವುದೇ ಬ್ರೇಕ್ ಹೋಗುವ ಮೊದಲು ಹೇಳಲು. ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಆಯಿಲ್ ಉಳಿದಿರುವಾಗಲೇ ಬಿಲ್ಲೆ ಎಚ್ಚರಿಸುತ್ತದೆ. ಹಾಗಾಗಿ ಲೈಟ್ ಬಂದ ದಿನ ಪೆಡಲ್ ಎಂದಿನಂತೆಯೇ ಇರುತ್ತದೆ. ‘ಬ್ರೇಕ್ ಹಿಡಿಯುತ್ತಿದೆ’ ಎನ್ನುವುದು ಲೈಟ್ ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ, ಅದು ಸರಿಯಾದ ಸಮಯಕ್ಕೆ ಹೇಳಿದೆ ಎಂಬುದಕ್ಕೆ ಸಾಕ್ಷಿ.

ಇಂದಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಎರಡು ಪ್ರತ್ಯೇಕ ಸರ್ಕ್ಯೂಟಿಗೆ ಒತ್ತಡ ಕೊಡುತ್ತದೆ. ಒಂದು ಸೋರಿ ಖಾಲಿಯಾದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ಆದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ, ನಿಲ್ಲಲು ಬೇಕಾದ ದೂರವೂ ಬಹಳ ಹೆಚ್ಚುತ್ತದೆ. ಮುಂದಿನ ಚಕ್ರಗಳ ಸರ್ಕ್ಯೂಟೇ ಹೋದರಂತೂ ಉಳಿಯುವುದು ಕಡಿಮೆ ಪಾಲು.

ಆ ದೂರದ ಬೆಲೆ ತಿಳಿಯಲು ಇನ್ನೊಂದು ಲೆಕ್ಕ. 1,000 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 386 ಕಿಲೋಜೂಲ್. ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಬ್ರೇಕ್ ಅಷ್ಟೂ ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ ಬದಲಿಸಬೇಕು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ವೇಗಕ್ಕೆಂದೇ ಕೊಳ್ಳುವ ಕಾರಿನಲ್ಲಿ ಬ್ರೇಕಿನ ಲೈಟನ್ನು ಕಡೆಗಣಿಸುವುದು ಇನ್ನೂ ಅಪಾಯ.

ಯಾವ ಆಯಿಲ್ ಹಾಕಿದರೂ ನಡೆಯುತ್ತದೆಯೇ?

ಖಂಡಿತ ಇಲ್ಲ. ಹೆಸರಿಗೆ ‘ಆಯಿಲ್’ ಎಂದರೂ ಸಾಮಾನ್ಯ ಬ್ರೇಕ್ ಆಯಿಲ್ ಖನಿಜ ತೈಲವಲ್ಲ, ಗ್ಲೈಕಾಲ್ ಆಧಾರಿತ ದ್ರವ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ತಪ್ಪಿ ಬಿದ್ದರೆ ರಬ್ಬರ್ ಸೀಲ್‌ಗಳು ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಗ್ಲೈಕಾಲ್ ಬಗೆಯವು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಇವುಗಳೊಂದಿಗೆ ಬೆರೆಸಬಾರದು. ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬೇಕೆಂದು ಬರೆದಿರುತ್ತದೆ.

ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮವಿದೆ. ಅದೇ ದ್ರವ ಶೇ. 3.7ರಷ್ಟು ನೀರು ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿ ಗುಳ್ಳೆಗಳಾಗುತ್ತವೆ. ದ್ರವವನ್ನು ಹಿಂಡಲು ಬರುವುದಿಲ್ಲ, ಆವಿಯನ್ನು ಬರುತ್ತದೆ. ಕಾಲೊತ್ತಿದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ನಿಲ್ಲುವ, ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವ ನಮ್ಮ ಸಾಮಾನ್ಯ ಕಾರುಗಳಿಗೂ ಈ ಮಾತು ಅನ್ವಯ. ಮಟ್ಟ ಸರಿಯಾಗಿದೆಯೆಂದು ಲೈಟ್ ಸುಮ್ಮನಿರಬಹುದು, ದ್ರವ ಹಳತಾಗಿದೆಯೆಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಕಂಪನಿ ಹೇಳಿದ ಅವಧಿಗೆ, ಬಹಳಷ್ಟು ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಬದಲಿಸಬೇಕು. ಅರ್ಧ ಉಳಿದ ಹಳೆಯ ಬಾಟಲಿಯದನ್ನು ಹಾಕಬಾರದು.

ಯಾವಾಗ ಕೂಡಲೇ ನಿಲ್ಲಿಸಬೇಕು?

- ಕೆಂಪು ಲೈಟ್ ಜೊತೆಗೆ ಪೆಡಲ್ ಮೆತ್ತಗಾಗಿದ್ದರೆ ಅಥವಾ ಎಂದಿಗಿಂತ ಕೆಳಗೆ ಹೋಗುತ್ತಿದ್ದರೆ.
- ಕೆಂಪು ಲೈಟ್ ಮತ್ತು ಹಳದಿ ಎಬಿಎಸ್ ಲೈಟ್ ಒಟ್ಟಿಗೆ ಹೊತ್ತಿದ್ದರೆ. ಹಲವು ಕಾರುಗಳಲ್ಲಿ ಇದರರ್ಥ, ಮುಂದಿನ-ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತಿದೆ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಕಾರು ತಿರುಗಬಹುದು.
- ಚಕ್ರದ ಒಳಗೆ ಒದ್ದೆ ಕಂಡರೆ, ಅಥವಾ ಡಬ್ಬಿ ಖಾಲಿಯಾಗಿದ್ದರೆ.

ಇಂಥ ಸಂದರ್ಭದಲ್ಲಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದಲ್ಲ, ಟೋ ಮಾಡಿಸಬೇಕು.

ಕೊನೆಗೆ ಆ ಕಾರಿಗೆ ಆಗಿದ್ದೇನು?

ನಮ್ಮ ಪರಿಚಿತರು ಎರಡನೆಯ ಸಲ ಆಯಿಲ್ ಹಾಕಲಿಲ್ಲ, ಮೇಲಿನ ಕ್ರಮದಲ್ಲೇ ನೋಡುತ್ತಾ ಹೋದರು. ಮಟ್ಟ ಕನಿಷ್ಠ ಗೆರೆಯ ಕೆಳಗಿತ್ತು. ಪ್ಯಾಡ್‌ಗಳು ನಾಲ್ಕೂ ಕಡೆ ದಪ್ಪಗಿದ್ದವು. ಉಳಿದದ್ದು ಸೋರಿಕೆ. ಎಡಗಡೆಯ ಹಿಂದಿನ ಚಕ್ರ ಬಿಚ್ಚಿದಾಗ ಕ್ಯಾಲಿಪರ್ ಪಿಸ್ಟನ್ ಸುತ್ತ ಒದ್ದೆಯಾಗಿತ್ತು, ಆಯಿಲ್ ಪ್ಯಾಡಿನ ಅಂಚಿಗೂ ತಲುಪಿತ್ತು. ನೆಲದ ಮೇಲೆ ಕಲೆ ಬೀಳುವಷ್ಟು ಸೋರಿಕೆ ಇರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ಯಾಲಿಪರ್ ಮತ್ತು ಹಿಂದಿನ ಎರಡೂ ಕಡೆಯ ಪ್ಯಾಡ್ ಬದಲಿಸಿ, ಗಾಳಿ ತೆಗೆದು, ಹೊಸ ಆಯಿಲ್ ತುಂಬಿಸಿದ ಮೇಲೆ ಲೈಟ್ ಮತ್ತೆ ಬಂದಿಲ್ಲ. ಮೂರು ವಾರ ಅದನ್ನು ಮುಚ್ಚಿಟ್ಟಿದ್ದು ಮೊದಲ ಸಲ ಹಾಕಿದ ಆ ಆಯಿಲ್. ಸೆನ್ಸರ್ ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ನಿರ್ಣಯ

‘ಬ್ರೇಕ್ ಹಿಡಿಯುತ್ತಿದ್ದರೆ ಲೈಟ್ ಬಗ್ಗೆ ಚಿಂತೆ ಬೇಡ, ಸೆನ್ಸರ್ ಕೆಟ್ಟಿರುತ್ತದೆ, ಆಯಿಲ್ ಹಾಕಿ ಸಾಕು’ ಎಂಬ ಹೇಳಿಕೆ ಬಹುಪಾಲು ತಪ್ಪು. ಸ್ವಿಚ್ ಅಥವಾ ಬಿಲ್ಲೆ ಕೆಟ್ಟು ಸುಳ್ಳು ಎಚ್ಚರಿಕೆ ಬರುವುದುಂಟು. ಆದರೆ ಆಯಿಲ್ ಮಟ್ಟ, ಪ್ಯಾಡ್, ಸೋರಿಕೆ ಮೂರನ್ನೂ ನೋಡಿದ ಮೇಲಷ್ಟೇ ಹಾಗೆನ್ನಬಹುದು. ಆಯಿಲ್ ಹಾಕಿದ ಕೂಡಲೇ ಲೈಟ್ ಆರಿದರೆ ಸಮಾಧಾನ ಪಡಬೇಡಿ. ಅದು ಎಲ್ಲಿಗೆ ಹೋಯಿತು ಎಂದು ಅಂದೇ ಹುಡುಕಿಸಿ.